ಕೆಂಪು ಕಾಣದ ಬೇಟೆಗಾರ

ರಕ್ತದ ಬಣ್ಣ ಯಾವುದು? ಒಂದನೇ ಕ್ಲಾಸಿನ ಮಕ್ಕಳೂ ಹೇಳುವ ಉತ್ತರ ಇದು ಅಂತ ನೀವು ಅಂದುಕೊಳ್ಳಬಹುದು. ಆದರೆ ನಾವೆಲ್ಲ ಹೈಸ್ಕೂಲಿನಲ್ಲಿ ಪರಮಾಣು ಸಿದ್ಧಾಂತದ ಪಾಠದಲ್ಲಿ ಓದಿದ ಜಾನ್ ಡಾಲ್ಟನ್‌ಗೆ ಈ ಪ್ರಶ್ನೆ ಅಷ್ಟು ಸುಲಭದ್ದಾಗಿರಲಿಲ್ಲ. 1794ರ ಅಕ್ಟೋಬರ್ 31ರಂದು ಮ್ಯಾಂಚೆಸ್ಟರಿನ ಲಿಟರರಿ ಅಂಡ್ ಫಿಲಾಸಫಿಕಲ್ ಸೊಸೈಟಿಯಲ್ಲಿ ಆತ ತನ್ನ ಕಣ್ಣಿನ ಬಗ್ಗೆಯೇ ಒಂದು ಪ್ರಬಂಧ ಓದಿದ. ರಕ್ತ ತನಗೆ ಮಂಕಾಗಿ, ಬಾಟಲಿ ಗಾಜಿನ ಕಡುಹಸಿರಿಗೆ ಹತ್ತಿರವಾಗಿ ಕಾಣುತ್ತದೆ ಅಂತ ಅದರಲ್ಲಿ ಹೇಳಿಕೊಂಡಿದ್ದಾನೆ. ಕಾಲುಚೀಲಕ್ಕೆ ಹತ್ತಿದ್ದು ರಕ್ತವೋ ಬರೀ ಕೊಳೆಯೋ ಅಂತ ಬೇರ್ಪಡಿಸುವುದೇ ಕಷ್ಟವಂತೆ. ಲಾರೆಲ್ ಗಿಡದ ಹಸಿರೆಲೆಗೂ ಲಕೋಟೆಗೆ ಮುದ್ರೆ ಒತ್ತುವ ಕೆಂಪು ಅರಗಿಗೂ ಅವನ ಕಣ್ಣಿಗೆ ಚೆನ್ನಾಗಿಯೇ ಹೊಂದಾಣಿಕೆ ಆಗುತ್ತಿತ್ತು.

ಇದೆಲ್ಲ ಅವನಿಗೆ ಗೊತ್ತಾಗಿದ್ದು ಒಂದು ಹೂವಿನಿಂದ. 1792ರಲ್ಲಿ ಹಗಲು ಹೊತ್ತು ನೀಲಿಯಾಗಿ ಕಂಡ ಜೆರೇನಿಯಂ ಹೂವು ಸಂಜೆ ಮೇಣದಬತ್ತಿಯ ಬೆಳಕಿನಲ್ಲಿ ಪೂರ್ತಿ ಬೇರೆ ಬಣ್ಣದ್ದಾಗಿ ಕಂಡಿತು. ಗೆಳೆಯರನ್ನು ಕೇಳಿದರೆ ಯಾರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ, ಅವನ ಅಣ್ಣನೊಬ್ಬನನ್ನು ಬಿಟ್ಟು. ತನ್ನ ಕಣ್ಣುಗುಡ್ಡೆಯೊಳಗಿನ ದ್ರವ ನೀಲಿ ಇರಬೇಕು ಅಂತ ಡಾಲ್ಟನ್ ಊಹಿಸಿದ. ಸತ್ತ ಮೇಲೆ ಕಣ್ಣು ತೆಗೆದು ನೋಡಿ ಅಂತಲೂ ಹೇಳಿಟ್ಟಿದ್ದ. 1844ರಲ್ಲಿ ಅವನು ತೀರಿಕೊಂಡಾಗ ವೈದ್ಯರು ನೋಡಿದರು, ದ್ರವ ತಿಳಿಯಾಗಿಯೇ ಇತ್ತು. ಆ ಕಣ್ಣಿನ ಉಳಿಕೆಯನ್ನು ಸೊಸೈಟಿಯವರು ಜೋಪಾನ ಮಾಡಿಟ್ಟಿದ್ದರು. ಅದರಿಂದ ಡಿಎನ್ಎ ತೆಗೆದು ಪರೀಕ್ಷಿಸಿದ ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ತೊಂದರೆ ಇದ್ದದ್ದು ದ್ರವದಲ್ಲಲ್ಲ, ಹಸಿರಿಗೆ ಸ್ಪಂದಿಸುವ ಶಂಕುಕೋಶದ ಜೀನ್‌ನಲ್ಲಿ.

ನಾನೂ ಅದೇ ಪಂಗಡದವನು. ಆಫೀಸಿನಲ್ಲಿ ಸರ್ವರ್‌ಗಳ ಸ್ಥಿತಿ ತೋರಿಸುವ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಚುಕ್ಕಿ ಯಾವುದು, ಹಸಿರು ಚುಕ್ಕಿ ಯಾವುದು ಅಂತ ಪಕ್ಕದವರನ್ನ ಕೇಳುವ ಬದಲು, ಕೆಟ್ಟಿದ್ದಕ್ಕೆ ತ್ರಿಕೋನ, ಸರಿ ಇರೋದಕ್ಕೆ ವೃತ್ತ ಅಂತ ನಮ್ಮ ತಂಡದಲ್ಲಿ ಮಾಡಿಸಿಕೊಂಡಿದ್ದೇನೆ. ಆದರೆ ಈ ಬರಹ ನನ್ನ ಬಗ್ಗೆ ಅಲ್ಲ. ಈ ಕಣ್ಣು ನನಗೆ ಎಲ್ಲಿಂದ ಬಂತೋ ಅವರ ಬಗ್ಗೆ, ಮತ್ತು ಅವರು ಮಾಡುತ್ತಿದ್ದ ಕೆಲಸದ ಇತಿಹಾಸದ ಬಗ್ಗೆ.

ಕೆಂಪು-ಹಸಿರು ಬಣ್ಣಗುರುಡು ಎಕ್ಸ್ ಕ್ರೋಮೋಸೋಮಿನ ಮೇಲೆ ಕೂತು ಬರುತ್ತದೆ. ಗಂಡಸಿಗೆ ಇರೋದು ಒಂದೇ ಎಕ್ಸ್, ಅದೂ ತಾಯಿಯಿಂದ ಬಂದದ್ದು. ಹೆಂಗಸಿಗೆ ಎರಡಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ನಿಭಾಯಿಸುತ್ತದೆ. ಹಾಗಾಗಿ ಇದು ಸಾಮಾನ್ಯವಾಗಿ ಅಜ್ಜನಿಂದ ಮಗಳ ಮೂಲಕ, ಅವಳಿಗೆ ಗೊತ್ತೇ ಆಗದ ಹಾಗೆ, ಮೊಮ್ಮಗನಿಗೆ ಬರುವ ಆಸ್ತಿ. ಉತ್ತರ ಯುರೋಪಿನ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಇದು ಇದೆ. ನಮ್ಮ ಕಡೆ ಅದಕ್ಕಿಂತ ಕಡಿಮೆ.

ನನ್ನ ಅಮ್ಮನ ಅಪ್ಪ, ಅಂದರೆ ಅಜ್ಜಯ್ಯ, ತೀರ್ಥಹಳ್ಳಿ ಸೀಮೆಯವರು. ಐವತ್ತು-ಅರವತ್ತರ ದಶಕದಲ್ಲಿ ಕೇಪಿನ ಕೋವಿ ಹಿಡಿದು ಶಿಕಾರಿಗೆ ಹೋಗುತ್ತಿದ್ದವರು. ಆಗಿನ ಮಲೆನಾಡಿನಲ್ಲಿ ಅದೇನು ವಿಶೇಷವಲ್ಲ. ಗದ್ದೆಗೆ ಹಂದಿ ಬೀಳುತ್ತಿತ್ತು, ಕೋವಿ ಇದ್ದವರು ಕಾಯುತ್ತಿದ್ದರು. ವಿಶೇಷ ಏನೆಂದರೆ, ತೋಟದಲ್ಲಿ ನಿಂತು ಯಾವ ಗೊನೆ ಹಣ್ಣಡಿಕೆ, ಯಾವುದು ಇನ್ನೂ ಹಸಿರು ಅಂತ ಹೇಳಲಾರದ ಮನುಷ್ಯ, ಗಾಯಗೊಂಡ ಹಂದಿಯ ಹಿಂದೆ ಕಾನಿನೊಳಗೆ ಹೋಗುತ್ತಿದ್ದರು. "ನಂಗೆ ಕೆಂಪು ಅಷ್ಟು ಹತ್ತೂದಿಲ್ಲ" ಅನ್ನುತ್ತಿದ್ದರು. ಅದಕ್ಕೊಂದು ಹೆಸರಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೋವಿ ಅಟ್ಟ ಸೇರಿತು. ತೊಂಬತ್ತರ ದಶಕದಲ್ಲಿ ಜಗಲಿಯ ಮೇಲೆ ಕೂತು ಕವಳ ಹಾಕುತ್ತಾ ಅವರು ಹೇಳಿದ್ದು ನನ್ನ ತಲೆಯಲ್ಲಿ ಉಳಿದಿದೆ.

ಶಿಕಾರಿ ಕತೆ ಅಂದ ತಕ್ಷಣ ನಮಗೆ ನೆನಪಾಗುವುದು ಗುಂಡು ಹಾರಿದ ಕ್ಷಣ. ಅಜ್ಜಯ್ಯನ ಕತೆಗಳು ಶುರುವಾಗುತ್ತಿದ್ದದ್ದೇ ಅದರ ಆಮೇಲೆ. ಗುಂಡು ತಾಗಿದ ಪ್ರಾಣಿ ಸಿನಿಮಾದಲ್ಲಿ ಬೀಳುವ ಹಾಗೆ ಅಲ್ಲೇ ಬೀಳುವುದು ಕಡಿಮೆ. ಓಡುತ್ತದೆ. ಶ್ವಾಸಕೋಶಕ್ಕೆ ಬಿದ್ದರೆ ಸ್ವಲ್ಪ ದೂರ, ಹೊಟ್ಟೆಗೆ ಬಿದ್ದರೆ ಬಹಳ ದೂರ, ಕಾಲಿಗೆ ಬಿದ್ದರೆ ಇನ್ನೂ ದೂರ. ಅದನ್ನು ಹುಡುಕಿ ನೋವು ಮುಗಿಸದೆ ಮನೆಗೆ ಬಂದವನು ಅವತ್ತು ಊಟಕ್ಕೆ ಕೂರಬಾರದು ಅನ್ನುವುದು ನಮ್ಮ ಅಜ್ಜನ ಮನೆಯ ಕಟ್ಟಳೆಯಾಗಿತ್ತು.

ಇದು ಬರೀ ಕರುಣೆಯ ಮಾತಲ್ಲ. ಗಾಯಗೊಂಡ ಪ್ರಾಣಿಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಕುಮಾವೂಂ ಬೆಟ್ಟಗಳಲ್ಲಿ ದೊಡ್ಡ ಸಾಕ್ಷಿಯೇ ಇದೆ. 1907ರಲ್ಲಿ ಜಿಮ್ ಕಾರ್ಬೆಟ್ ಚಂಪಾವತದ ಹೆಣ್ಣುಹುಲಿಯನ್ನು ಕೊಂದಾಗ ಅದರ ಲೆಕ್ಕದಲ್ಲಿ 436 ಮನುಷ್ಯರ ಸಾವು ಇತ್ತು. ಹುಲಿಯ ಬಾಯಿ ನೋಡಿದರೆ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಎಂದೋ ಯಾರೋ ಹೊಡೆದ ಗುಂಡಿನ ಗುರುತು ಅದು. ಕಾಡುಪ್ರಾಣಿ ಹಿಡಿಯಲಾಗದ ಹುಲಿ ಮನುಷ್ಯರ ಕಡೆ ತಿರುಗಿತ್ತು. ಹುಲಿಗಳು ನರಭಕ್ಷಕ ಆಗುವುದಕ್ಕೆ ಬಹುಪಾಲು ಸಂದರ್ಭಗಳಲ್ಲಿ ಗಾಯವೇ ಕಾರಣ ಅಂತ 1944ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಕಾರ್ಬೆಟ್ ಬರೆದ. ನಮ್ಮ ಬೆಂಗಳೂರಿನವನೇ ಆಗಿಹೋಗಿದ್ದ ಕೆನೆತ್ ಆಂಡರ್ಸನ್ನನ ಕತೆಗಳಲ್ಲೂ ಹೀಗೆ ಗುಂಡೇಟು ತಿಂದು ತಪ್ಪಿಸಿಕೊಂಡ ಹುಲಿ-ಚಿರತೆಗಳೇ ತುಂಬಿವೆ. ತೇಜಸ್ವಿ ಅವನ್ನು ಕನ್ನಡಕ್ಕೆ ತಂದದ್ದರಿಂದ ನಿಮ್ಮಲ್ಲಿ ಹಲವರು ಓದಿರುತ್ತೀರಿ. ಅಂದರೆ ಗುಂಡು ಹೊಡೆದವನು ಬಿಟ್ಟುಬಂದ ಜಾಡಿನ ಬೆಲೆಯನ್ನು ಎಷ್ಟೋ ವರ್ಷ ಆದಮೇಲೆ ಇನ್ಯಾವುದೋ ಊರಿನ, ಹುಲ್ಲು ಕೊಯ್ಯಲು ಹೋದ ಹೆಂಗಸು ಕೊಡಬೇಕಾಗುತ್ತಿತ್ತು.

ಸರಿ, ಜಾಡು ಹಿಡಿಯೋದು ಹೇಗೆ? ಯಾವ ಶಿಕಾರಿ ಕೈಪಿಡಿ ತೆಗೆದರೂ ಮೊದಲ ಪಾಠ ರಕ್ತದ ಬಣ್ಣದ್ದು. ತಿಳಿಗೆಂಪು, ನೊರೆನೊರೆ ಇದ್ದರೆ ಶ್ವಾಸಕೋಶ. ಕಪ್ಪಿಗೆ ತಿರುಗಿದ ಕಡುಗೆಂಪಾದರೆ ಪಿತ್ತಜನಕಾಂಗ. ಹಸಿರು-ಕಂದು ಕಲಸಿದ್ದರೆ ಹೊಟ್ಟೆ, ಕರುಳು. ಎಲ್ಲಿಗೆ ಬಿದ್ದಿದೆ ಅನ್ನೋದರ ಮೇಲೆ ತಕ್ಷಣ ಹೋಗಬೇಕೋ, ಗಂಟೆಗಟ್ಟಲೆ ಕಾಯಬೇಕೋ ಅನ್ನೋದು ನಿರ್ಧಾರ. ಹೊಟ್ಟೆಗೆ ಬಿದ್ದ ಪ್ರಾಣಿಯನ್ನು ಅವಸರದಲ್ಲಿ ಎಬ್ಬಿಸಿದರೆ ಅದು ಮೈಲಿಗಟ್ಟಲೆ ಹೋಗಿ ಎಲ್ಲೋ ಸಾಯುತ್ತದೆ.

ಈಗ ನನ್ನ ಮತ್ತು ಅಜ್ಜಯ್ಯನ ಕಣ್ಣಿನಿಂದ ಕಾಡಿನ ನೆಲ ನೋಡಿ. ಕಾರ್ತಿಕ ಕಳೆದ ಮೇಲೆ ಮಲೆನಾಡಿನ ಕಾನಿನಲ್ಲಿ ನೆಲ ತುಂಬ ದರಗು. ಕಂದು, ಹಳದಿ, ಕೆಂಪಡರಿದ ಎಲೆಗಳು, ಅವುಗಳ ಮೇಲೆ ಕಪ್ಪು ಚುಕ್ಕೆ, ಬೂಷ್ಟು. ರಕ್ತದ ಹನಿ ಬಿದ್ದು ಒಣಗಿದರೆ ಅದೂ ಕಂದಾಗುತ್ತದೆ. ಹಿಮೋಗ್ಲೋಬಿನ್ ಗಾಳಿಗೆ ಮಾರ್ಪಾಡಾಗುವ ರೀತಿ ಅದು. ಬಣ್ಣ ಚೆನ್ನಾಗಿ ಕಾಣುವವರಿಗೂ ಆಗ ಕಷ್ಟ. ನಮ್ಮಂಥವರಿಗಂತೂ ಹಸಿ ಹನಿ ಕೂಡ ಎಲೆಯ ಕಲೆಯ ಹಾಗೇ. ಡಾಲ್ಟನ್ನನ ಕಾಲುಚೀಲವನ್ನು ಕಾಡಿನಷ್ಟಗಲಕ್ಕೆ ಹಾಸಿದ ಹಾಗೆ ಅಂದುಕೊಳ್ಳಿ.

ಅಜ್ಜಯ್ಯ ಬಣ್ಣವನ್ನು ಬದಿಗಿಟ್ಟು ಬೇರೆ ಲೆಕ್ಕ ಇಟ್ಟುಕೊಂಡಿದ್ದರು. ಗುಂಡು ಹೊಡೆದ ಕೂಡಲೇ ಓಡುವಂತಿಲ್ಲ. ಪ್ರಾಣಿ ನಿಂತಿದ್ದ ಜಾಗದಲ್ಲಿ ಒಂದು ಸೊಪ್ಪಿನ ಟೊಂಗೆ ಮುರಿದು ನೆಡಬೇಕು. ಆಮೇಲೆ ಅಲ್ಲೇ ಕೂತು ಒಂದು ಕವಳ ಹಾಕಬೇಕು. ಕವಳ ಮುಗಿಯುವ ಹೊತ್ತಿಗೆ ಕೈ ನಡುಕವೂ ನಿಂತಿರುತ್ತದೆ. ನಂತರ ಬಗ್ಗಿ ಕೂದಲು ಹುಡುಕಬೇಕು. ಹಂದಿಯ ಬೆನ್ನಿನ ಬಿರುಗೂದಲು ಬೇರೆ, ಹೊಟ್ಟೆಯ ಕೂದಲು ಬೇರೆ. ಗುಂಡು ಎಲ್ಲಿ ತಾಗಿದೆ ಅನ್ನೋದನ್ನ ರಕ್ತಕ್ಕಿಂತ ಮೊದಲು ಕೂದಲು ಹೇಳುತ್ತದೆ.

ಹನಿಯನ್ನು ಅವರು ಹುಡುಕುತ್ತಿದ್ದದ್ದು ಹೊಳಪಿನಿಂದ. ಹಸಿ ರಕ್ತ ಬಣ್ಣದಲ್ಲಿ ಎಲೆಯೊಳಗೆ ಸೇರಿಹೋದರೂ ಬೆಳಕು ಬಿದ್ದಾಗ ಮಿಣುಕುತ್ತದೆ. ಅದಕ್ಕೇ ಬಿಸಿಲಿಗೆ ಬೆನ್ನು ಹಾಕದೆ ಬಿಸಿಲಿಗೆ ಎದುರಾಗಿ, ತಲೆಯನ್ನು ನೆಲದ ಹತ್ತಿರ ತಂದು ಓರೆಯಾಗಿ ನೋಡಬೇಕು ಅನ್ನುತ್ತಿದ್ದರು. "ಬಣ್ಣ ಎಂತಕ್ಕೆ ನೋಡ್ತಿ? ಎಲೆ ಎಲ್ಲಿ ಒದ್ದೆ ಅದೆ ನೋಡು" ಅನ್ನುವುದು ಅವರ ಮಾತು. ಬೆರಳಿಗೆ ಅಂಟುತ್ತದೆಯೇ ಅಂತ ಮುಟ್ಟಿ ನೋಡುವುದು, ಮೂಸಿ ನೋಡುವುದು. ನೊರೆ ಇದ್ದರೆ ಗುಳ್ಳೆ ಕಾಣುತ್ತದೆ, ಗುಳ್ಳೆ ಗುರುತಿಸಲು ಕೆಂಪು ಬೇಕಿಲ್ಲ. ಹೊಟ್ಟೆಯ ಗಾಯವಾದರೆ ನಾತವೇ ಹೇಳುತ್ತದೆ. ಬಿಸಿಲೇರಿದ ಮೇಲೆ ನೊಣ ಎಲ್ಲಿ ಕೂತು ಏಳುತ್ತವೆ, ಇರುವೆ ಎಲ್ಲಿಗೆ ಸಾಲುಗಟ್ಟಿವೆ ಅನ್ನೋದನ್ನೂ ನೋಡುತ್ತಿದ್ದರು. ಹನಿಯ ಆಕಾರಕ್ಕೂ ಅರ್ಥವಿದೆ. ನಿಂತ ಪ್ರಾಣಿಯಿಂದ ಬಿದ್ದ ಹನಿ ದುಂಡಗೆ, ಓಡುವ ಪ್ರಾಣಿಯಿಂದ ಬಿದ್ದದ್ದಕ್ಕೆ ಬಾಲ, ಆ ಬಾಲ ಓಡಿದ ದಿಕ್ಕಿಗೆ. ಇವತ್ತು ಅಪರಾಧ ವಿಜ್ಞಾನದವರು ಕೊಲೆ ನಡೆದ ಕೋಣೆಯಲ್ಲಿ ಅಳತೆ ಮಾಡುವುದೂ ಇದನ್ನೇ.

ಹನಿ ನಿಂತುಹೋದ ಮೇಲೆ ಗೊರಸು. ನೋವಿರುವ ಕಾಲನ್ನು ಪ್ರಾಣಿ ಪೂರ್ತಿ ಊರುವುದಿಲ್ಲ, ಒಂದು ಹೆಜ್ಜೆ ಆಳ, ಒಂದು ತೇಲು. ಕೆಲವೊಮ್ಮೆ ಎಳೆದ ಗೀರು. ದರಗಿನ ಎಲೆ ಮಗುಚಿಕೊಂಡರೆ ಅಡಿಭಾಗದ ತೇವ ಮೇಲೆ ಬಂದಿರುತ್ತದೆ. ಬೆಳಿಗ್ಗೆಯಾದರೆ ಹುಲ್ಲಿನ ಮೇಲಿನ ಇಬ್ಬನಿ ಒರೆಸಿಹೋದ ಪಟ್ಟೆ. ಇದ್ಯಾವುದಕ್ಕೂ ಕೆಂಪು ಬೇಡ.

ಹಾಗಂತ ಅಜ್ಜಯ್ಯ ಎಲ್ಲವನ್ನೂ ಗೆದ್ದವರೇನಲ್ಲ. ಒಮ್ಮೆ ಒಬ್ಬರೇ ಹೋಗಿ ಕಡವೆಯೊಂದಕ್ಕೆ ಹೊಡೆದು, ಮಧ್ಯಾಹ್ನದ ಮಬ್ಬು ಮೋಡದಲ್ಲಿ ಹೊಳಪೂ ಸಿಗದೆ, ಜಾಡು ಕಳಕೊಂಡು ಬಂದರಂತೆ. ನಾಲ್ಕನೇ ದಿನ ಹಳ್ಳದ ಪಕ್ಕದಿಂದ ವಾಸನೆ ಬಂತು. ಅಲ್ಲಿಂದ ಮುಂದೆ ಅವರು ಜೊತೆಗಾರ ಮತ್ತು ನಾಯಿ ಇಲ್ಲದೆ ಕಾಡಿಗೆ ಹೋಗಲಿಲ್ಲ. ಜೊತೆಗಾರ ಅಂದರೆ ನಮ್ಮ ಅಜ್ಜನ ಮನೆಯ ತೋಟದಲ್ಲಿ ಕೂಲಿ ಮಾಡುತ್ತಿದ್ದವರು. ಅವರಿಗೆ ಕೆಂಪು ಕಾಣುತ್ತಿತ್ತು. ಆದರೆ ಅವರ ಹೆಚ್ಚುಗಾರಿಕೆ ಅದಲ್ಲ. ಹನಿ ಇಲ್ಲದ ಕಡೆಯಲ್ಲಿ ಹಂದಿ ಎತ್ತ ತಿರುಗೀತು ಅಂತ ಯೋಚಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ ಅಂತ ಅಜ್ಜಯ್ಯನೇ ಹೇಳುತ್ತಿದ್ದರು.

ಈ ಯೋಚಿಸುವ ವಿದ್ಯೆ ಎಷ್ಟು ಹಳೆಯದು ಅಂತ ತಿಳಿಯಬೇಕಾದರೆ ಆಫ್ರಿಕಾದ ಕಲಹರಿಗೆ ಹೋಗಬೇಕು. ಅಲ್ಲಿನ ಸ್ಯಾನ್ ಜನ ಬಿಡುವ ಬಾಣ ಪುಟ್ಟದು. ಅದರ ತುದಿಯ ಹತ್ತಿರ ಒಂದು ಜಾತಿಯ ಜೀರುಂಡೆಯ ಮರಿಹುಳುವಿನ ವಿಷ ಸವರಿರುತ್ತಾರೆ. ಗಾಯ ಚಿಕ್ಕದಾದ್ದರಿಂದ ಹಿಂಬಾಲಿಸಲು ಸಾಕಾಗುವಷ್ಟು ರಕ್ತವೇ ಬೀಳುವುದಿಲ್ಲ. ವಿಷ ಏರಲು ದೊಡ್ಡ ಪ್ರಾಣಿಗೆ ಒಂದು ದಿನ, ಅದಕ್ಕೂ ಹೆಚ್ಚು ಹಿಡಿಯಬಹುದು. ಅಷ್ಟು ಹೊತ್ತೂ ಅವರು ಹಿಂಡಿನ ಹತ್ತಾರು ಹೆಜ್ಜೆಗಳ ನಡುವೆ ಗಾಯಗೊಂಡ ಆ ಒಂದರ ಹೆಜ್ಜೆಯನ್ನೇ ಹಿಡಿದು ನಡೆಯುತ್ತಾರೆ. ಜಗತ್ತಿನ ಅತ್ಯುತ್ತಮ ಜಾಡುಗಾರರು ಅಂತ ಎಲ್ಲರೂ ಒಪ್ಪುವ ಜನ, ರಕ್ತವನ್ನು ನಂಬಿ ಕೂತವರೇ ಅಲ್ಲ.

ಇವರೊಂದಿಗೆ ವರ್ಷಗಟ್ಟಲೆ ಅಲೆದ ದಕ್ಷಿಣ ಆಫ್ರಿಕಾದ ಲೂಯಿ ಲೀಬೆನ್‌ಬರ್ಗ್ 1990ರಲ್ಲಿ ಒಂದು ಪುಸ್ತಕ ಬರೆದ. ಜಾಡು ಹಿಡಿಯುವುದೇ ವಿಜ್ಞಾನದ ಹುಟ್ಟು ಅನ್ನುವುದು ಅವನ ವಾದ. ಸಿಕ್ಕ ಗುರುತಿನಿಂದ ಒಂದು ಊಹೆ, ಊಹೆ ನಿಜವಾದರೆ ಮುಂದೆ ಇಂಥಲ್ಲಿ ಇಂಥ ಗುರುತು ಸಿಗಬೇಕು ಅನ್ನುವ ಲೆಕ್ಕ, ಸಿಗದಿದ್ದರೆ ಹಿಂದಕ್ಕೆ ಬಂದು ಹೊಸ ಊಹೆ. ಓದಿದಾಗ ನನಗೆ ನಗು ಬಂತು. ರಾತ್ರಿ ಎರಡು ಗಂಟೆಗೆ ಲಾಗ್ ಫೈಲ್ ಇಟ್ಟುಕೊಂಡು ಬಗ್ ಹುಡುಕುವಾಗ ನಾವು ಮಾಡೋದೂ ಇದನ್ನೇ, ಕೊನೆಯ ಖಚಿತ ಗುರುತಿಗೆ ವಾಪಸ್ ಬರೋದು. ಅದೇ ಲೀಬೆನ್‌ಬರ್ಗ್ 1990ರ ದಶಕದಲ್ಲಿ ಸೈಬರ್‌ಟ್ರ್ಯಾಕರ್ ಅನ್ನುವ ಸಾಫ್ಟ್‌ವೇರ್ ಮಾಡಿಸಿದ. ಓದು-ಬರಹ ಬಾರದ ಜಾಡುಗಾರರೂ ಕೈಗಂಪ್ಯೂಟರಿನಲ್ಲಿ ಚಿತ್ರ ಒತ್ತಿ, ಯಾವ ಪ್ರಾಣಿ ಎಲ್ಲಿ ಏನು ಮಾಡುತ್ತಿತ್ತು ಅಂತ ದಾಖಲಿಸಬಹುದು. ಅಕ್ಷರ ಕಾಣದಿದ್ದರೆ ಚಿತ್ರ ಕೊಡು ಅನ್ನುವ ಉಪಾಯ, ಬಣ್ಣ ಕಾಣದಿದ್ದರೆ ಆಕಾರ ಕೊಡು ಅನ್ನುವ ನನ್ನ ಡ್ಯಾಶ್‌ಬೋರ್ಡಿನ ಅಣ್ಣ.

ಇನ್ನು ನಾಯಿ. ರಕ್ತದ ಜಾಡಿನ ವಿಷಯದಲ್ಲಿ ಮನುಷ್ಯ ಎಷ್ಟೇ ಹೇಳಿಕೊಂಡರೂ ಕೊನೆಗೆ ನಾಯಿಯ ಹಿಂದೆ ನಿಲ್ಲಬೇಕಾದವನು. ಜರ್ಮನಿಯಲ್ಲಿ ಇದಕ್ಕಾಗಿಯೇ ತಳಿಗಳಿವೆ. ಹ್ಯಾನೋವರ್ ಕಡೆಯ ಇಂಥ ನಾಯಿಗಳಿಗಾಗಿ 1894ರಲ್ಲೇ ಸಂಘ ಕಟ್ಟಿದ್ದರು. ಅಲ್ಲಿನ ಬೇಟೆಗಾರರು ಗಾಯಗೊಂಡ ಪ್ರಾಣಿಯ ರಕ್ತವನ್ನು ರಕ್ತ ಅನ್ನುವುದಿಲ್ಲ, 'ಶ್ವೈಸ್' ಅನ್ನುತ್ತಾರೆ. ಮಾಮೂಲಿ ಜರ್ಮನ್ನಿನಲ್ಲಿ ಅದರ ಅರ್ಥ ಬೆವರು. ಉದ್ದ ಹಗ್ಗ ಕಟ್ಟಿದ ನಾಯಿ ನೆಲ ಮೂಸುತ್ತಾ ಮುಂದೆ, ಬೇಟೆಗಾರ ಹಿಂದೆ. ಅದು ಹಿಂಬಾಲಿಸುವುದು ಬರೀ ರಕ್ತವನ್ನಲ್ಲ, ಗೊರಸಿನ ಸಂದಿಯ ಗ್ರಂಥಿಯಿಂದ ನೆಲಕ್ಕೆ ಹತ್ತುವ, ಆ ಒಂದೇ ಪ್ರಾಣಿಯ ವಾಸನೆಯನ್ನೂ.

ಮಜಾ ಏನು ಗೊತ್ತಾ? ನಾಯಿಗೂ ಕೆಂಪು ಕಾಣುವುದಿಲ್ಲ. ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಶಂಕುಕೋಶಗಳಿದ್ದರೆ ನಾಯಿಯ ಕಣ್ಣಿನಲ್ಲಿ ಎರಡೇ ಅಂತ 1989ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಜಿಂಕೆಗೂ ಎರಡೇ. ಅದಕ್ಕೇ ಹುಲಿಯ ಕಿತ್ತಳೆ ಬಣ್ಣ ಜಿಂಕೆಗೆ ಹಸಿರು ಹುಲ್ಲಿನೊಳಗೆ ಸೇರಿಹೋಗುತ್ತದೆ. ಅದಕ್ಕೇ ಅಮೆರಿಕದ ಬೇಟೆಗಾರರು ಕಣ್ಣು ಕುಕ್ಕುವ ಕಿತ್ತಳೆ ಅಂಗಿ ತೊಟ್ಟು, ಒಬ್ಬರಿಗೊಬ್ಬರು ಗುಂಡು ಹೊಡೆದುಕೊಳ್ಳದೆ, ಜಿಂಕೆಗೂ ಗೊತ್ತಾಗದೆ ಕೂರಬಹುದು. ಕಾಡಿನ ಸಸ್ತನಿಗಳ ನಡುವೆ ಕೆಂಪನ್ನು ಬೇರೆ ಮಾಡಿ ನೋಡುವವರು ಮನುಷ್ಯ, ಕೆಲವು ಕೋತಿ-ವಾನರಗಳು, ಅಷ್ಟೇ ಅನ್ನಬಹುದು. ಆ ಲೆಕ್ಕದಲ್ಲಿ ಅಜ್ಜಯ್ಯ ಕಾಡಿನಲ್ಲಿ ಬಹುಮತದ ಕಡೆಯವರು.

ನಮ್ಮ ನಾಡಿನಲ್ಲಿ ಬೇಟೆನಾಯಿಗೆ ಎಂಥ ಮರ್ಯಾದೆ ಇತ್ತು ಅನ್ನುವುದಕ್ಕೆ ಸಾವಿರ ವರ್ಷ ದಾಟಿದ ಕಲ್ಲೊಂದಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕ್ರಿ.ಶ. 949-50ರದ್ದು. ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರನ್ನು ಸೋಲಿಸಿದ ಯುದ್ಧದ ವಿವರ ಇರುವುದರಿಂದ ಇತಿಹಾಸಕಾರರಿಗೆ ಅದು ಮುಖ್ಯ. ಆ ಯುದ್ಧದಲ್ಲಿ ಹೋರಾಡಿದ ಮಣಲೇರ ಅನ್ನುವ ವೀರ, ಗಂಗರ ಬೂತುಗನಿಂದ ಮೆಚ್ಚುಗೆಯಾಗಿ ಕೇಳಿ ಪಡೆದದ್ದು 'ಕಾಳಿ' ಅನ್ನುವ ನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಕಾದಾಡಿ ಎರಡೂ ಸತ್ತವು. ಮಣಲೇರ ನಾಯಿಗಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಎದುರು ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ನಾಯಿ-ಹಂದಿಯ ಕಾಳಗ ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹೋದಾಗ ನೋಡಿ.

ಇಷ್ಟೆಲ್ಲ ಇದ್ದರೂ ಕೆಂಪು ಕಾಣದವನು ಅರ್ಧ ಕುರುಡ ಅನ್ನುವ ಭಾವನೆ ಎಲ್ಲಿಂದ ಬಂತು? ನನ್ನ ಮಟ್ಟಿಗೆ ಅದಕ್ಕೆ ಉತ್ತರ ಕಾಡಿನಲ್ಲಿಲ್ಲ, ರೈಲ್ವೆ ಹಳಿಯ ಮೇಲಿದೆ.

1875ರ ನವೆಂಬರಿನಲ್ಲಿ ಸ್ವೀಡನ್ನಿನ ಲಾಗರ್‌ಲುಂಡ ಅನ್ನುವಲ್ಲಿ ಎರಡು ರೈಲು ಡಿಕ್ಕಿ ಹೊಡೆದು ಒಂಬತ್ತು ಜನ ಸತ್ತರು. ಉಪ್ಸಾಲಾ ವಿಶ್ವವಿದ್ಯಾಲಯದ ಶರೀರಶಾಸ್ತ್ರಜ್ಞ ಫ್ರಿತಿಯೋಫ್ ಹೋಮ್‌ಗ್ರೆನ್, ಸಿಗ್ನಲ್ಲಿನ ಬಣ್ಣ ತಿಳಿಯದೆ ಇದು ಆಗಿರಬಹುದು ಅಂತ ವಾದಿಸಿದ. ಬಣ್ಣಬಣ್ಣದ ಉಣ್ಣೆಯ ಲಡಿಗಳನ್ನು ಕೊಟ್ಟು ಹೊಂದಿಸಲು ಹೇಳುವ ಪರೀಕ್ಷೆ ಕಟ್ಟಿದ. ಒಂದು ರೈಲುಮಾರ್ಗದ 266 ನೌಕರರನ್ನು ಪರೀಕ್ಷಿಸಿದಾಗ 13 ಮಂದಿ ಬಣ್ಣಗುರುಡರು ಸಿಕ್ಕರು. ಆ ಪರೀಕ್ಷೆ ದೇಶದೇಶಗಳ ರೈಲ್ವೆ, ಹಡಗುಗಳಿಗೆ ಹಬ್ಬಿತು. 2012ರಲ್ಲಿ ಹಳೆಯ ದಾಖಲೆ ಬಿಚ್ಚಿ ನೋಡಿದ ಜಾನ್ ಮಾಲನ್ ಮತ್ತು ಸಂಗಡಿಗರು, ಆ ಅಪಘಾತಕ್ಕೆ ಬಣ್ಣಗುರುಡೇ ಕಾರಣ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ ಅಂತ ತೋರಿಸಿದರು. ಡಾಲ್ಟನ್ನನ ಕಣ್ಣಿನ ಡಿಎನ್ಎ ನೋಡಿದ ತಂಡದಲ್ಲಿ ಇದ್ದವರೂ ಇದೇ ಮಾಲನ್. ಹಾಗಂತ ಪರೀಕ್ಷೆಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೆಂಪು ದೀಪ, ಹಸಿರು ದೀಪದ ಮೇಲೆ ನೂರಾರು ಜನರ ಜೀವ ನಿಂತಿರುವ ಕಡೆ ಅದು ಬೇಕು. ಆದರೆ ಕೆಂಪು-ಹಸಿರನ್ನೇ ಆರಿಸಿ ಸಿಗ್ನಲ್ ಕಟ್ಟಿದ್ದು ಮನುಷ್ಯ. ಕಾಡು ಹಾಗೆ ಕಟ್ಟಿದ್ದಲ್ಲ, ಅದು ಒಂದೇ ಸುದ್ದಿಯನ್ನು ಹೊಳಪು, ವಾಸನೆ, ಅಂಟು, ನೊಣ, ಗೊರಸು ಅಂತ ಹತ್ತು ದಾರಿಯಲ್ಲಿ ಹೇಳುತ್ತದೆ.

1917ರಲ್ಲಿ ಜಪಾನಿನ ಸೇನಾ ವೈದ್ಯ ಶಿನೊಬು ಇಶಿಹಾರ ಚುಕ್ಕಿಗಳೊಳಗೆ ಅಂಕಿ ಅಡಗಿಸಿದ ಪುಸ್ತಕ ತಂದ. ನಮ್ಮಲ್ಲಿ ಕೆಲಸಕ್ಕೆ ಸೇರುವಾಗ ಕಣ್ಣಿನ ಪರೀಕ್ಷೆಗೆ ಹೋದವರು ಅದನ್ನು ನೋಡಿರುತ್ತೀರಿ. ಆ ಪುಸ್ತಕದ ಎಲ್ಲ ಪುಟಗಳೂ ನಮ್ಮನ್ನು ಸೋಲಿಸುವುದಿಲ್ಲ. ಬಣ್ಣ ಸರಿಯಾಗಿ ಕಾಣುವವರಿಗೆ ಏನೂ ಕಾಣದೆ, ಬಣ್ಣಗುರುಡರಿಗೆ ಮಾತ್ರ ಅಂಕಿ ಕಾಣುವ ಪುಟಗಳೂ ಅದರಲ್ಲಿವೆ. ಅಂದರೆ ಒಂದು ಬಣ್ಣದ ಗದ್ದಲ ಇಲ್ಲದಿದ್ದಾಗ ಮಾತ್ರ ಕಾಣುವ ವಸ್ತುಗಳು ಇವೆ ಅನ್ನುವುದು ಆ ಪುಸ್ತಕದೊಳಗೇ ಇದೆ.

ಇದನ್ನು ವಿಜ್ಞಾನಿಗಳು ಮುಂದೆ ಸರಿಯಾಗಿ ಅಳೆದರು. 1992ರಲ್ಲಿ ಮಾಲನ್ ಮತ್ತಿಬ್ಬರು ಪ್ರಕಟಿಸಿದ ಪ್ರಯೋಗದಲ್ಲಿ, ಮಾದರಿಯೊಂದರ ಮೇಲೆ ಕೆಂಪು-ಹಸಿರನ್ನು ಅಡ್ಡಾದಿಡ್ಡಿ ಎರಚಿದಾಗ ಸಾಮಾನ್ಯ ಕಣ್ಣಿನವರು ಬಣ್ಣದಲ್ಲೇ ಸಿಕ್ಕಿಬಿದ್ದರು. ಅದರ ಹಿಂದಿನ ಆಕಾರದ ವ್ಯತ್ಯಾಸವನ್ನು ಬಣ್ಣಗುರುಡರು ಕಂಡರು. 2007ರಲ್ಲಿ ಕೋಸ್ಟರಿಕಾ ಕಾಡಿನ ಕ್ಯಾಪುಚಿನ್ ಕೋತಿಗಳ ಅಧ್ಯಯನ ಬಂತು. ಈ ಕೋತಿಗಳಲ್ಲಿ ಒಂದೇ ಗುಂಪಿನೊಳಗೆ ಎರಡು ಬಗೆಯ ಕಣ್ಣೂ ಇರುತ್ತವೆ. ಎಲೆ-ತೊಗಟೆಯ ಬಣ್ಣಕ್ಕೆ ಹೊಂದಿಕೊಂಡು ಕೂತ ಹುಳುಗಳನ್ನು ಹಿಡಿಯುವುದರಲ್ಲಿ ಕೆಂಪು ಕಾಣದ ಕೋತಿಗಳೇ ಮುಂದಿದ್ದವು. ಪೊದೆಯೊಳಗೆ ಅಲ್ಲಾಡದೆ ನಿಂತ ಹಂದಿಯನ್ನು ಜೊತೆಗಾರರಿಗಿಂತ ಮೊದಲು ಅಜ್ಜಯ್ಯ ಕಾಣುತ್ತಿದ್ದರು ಅಂತ ಮನೆಯಲ್ಲಿ ಹೇಳುವುದುಂಟು. ಅದಕ್ಕೆ ಅವರ ಕಣ್ಣು ಕಾರಣವೋ, ಅಭ್ಯಾಸ ಕಾರಣವೋ, ಕತೆ ಹೇಳುವವರ ಅಭಿಮಾನ ಕಾರಣವೋ, ಈಗ ಬೇರ್ಪಡಿಸಲು ಬರುವುದಿಲ್ಲ.

ಬೇಟೆಗೆ ಇನ್ನೂ ಅನುಮತಿ ಇರುವ ದೇಶಗಳಲ್ಲಿ ಬಣ್ಣಗುರುಡು ಬೇಟೆಗಾರರಿಗೆ ಇವತ್ತು ಬೇರೆ ಸಲಕರಣೆಗಳಿವೆ. ಅನುಮಾನದ ಕಲೆಯ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸಿದರೆ ರಕ್ತದಲ್ಲಿರುವ ಕೆಟಲೇಸ್ ಕಿಣ್ವದಿಂದಾಗಿ ಬುರುಬುರು ನೊರೆ ಬರುತ್ತದೆ. ಮಣ್ಣು, ಎಲೆಯ ಕಲೆ ಸಾಮಾನ್ಯವಾಗಿ ಹಾಗೆ ಉಕ್ಕುವುದಿಲ್ಲ. ರಕ್ತ 415 ನ್ಯಾನೋಮೀಟರಿನ ಆಸುಪಾಸಿನ ನೇರಳೆ ಬೆಳಕನ್ನು ಚೆನ್ನಾಗಿ ಹೀರುತ್ತದೆ, ಹಾಗಾಗಿ ಅಂಥ ಬೆಳಕು ಬಿಟ್ಟರೆ ಕಲೆ ಕಪ್ಪಗೆ ಕಾಣುತ್ತದೆ. ಎರಡೂ ಅಜ್ಜಯ್ಯನ ಲೆಕ್ಕವೇ, ಕೆಂಪನ್ನು ಬಿಟ್ಟು ಬೇರೆ ಗುಣ ಹಿಡಿಯೋದು.

ನಮ್ಮಲ್ಲಿ ಈಗ ಶಿಕಾರಿ ಇಲ್ಲ, ಇರಲೂ ಬಾರದು. ಆದರೆ ಗಾಯಗೊಂಡ ಪ್ರಾಣಿಗಳಿವೆ. ಉರುಲಿಗೆ ಸಿಕ್ಕ ಚಿರತೆ, ವಾಹನ ಬಡಿದ ಕಡವೆ, ಕರೆಂಟು ಬೇಲಿ ತಾಗಿದ ಆನೆ. ಅವುಗಳ ಹಿಂದೆ ಹೋಗುವವರು ಅರಣ್ಯ ಇಲಾಖೆಯ ವಾಚರ್‌ಗಳು, ಎಷ್ಟೋ ಕಡೆ ಜೇನುಕುರುಬರು, ಸೋಲಿಗರು. 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಆನೆ ಹಿಡಿಸುತ್ತಿದ್ದ ಸ್ಯಾಂಡರ್ಸನ್ ಸಾಹೇಬ ಕೂಡ ಜಾಡಿಗೆ ಇಟ್ಟುಕೊಂಡಿದ್ದು ಇದೇ ಸಮುದಾಯಗಳ ಜನರನ್ನು. ಶಿಕಾರಿ ಪುಸ್ತಕಗಳಲ್ಲಿ ಕೋವಿ ಹಿಡಿದವನ ಹೆಸರು ರಟ್ಟಿನ ಮೇಲಿರುತ್ತದೆ. ಜಾಡು ಹಿಡಿದವರು ಹೆಚ್ಚಿನ ಸಲ 'ನನ್ನ ಟ್ರ್ಯಾಕರ್' ಆಗಿ ಒಳಪುಟದಲ್ಲಿ ಮುಗಿದುಹೋಗುತ್ತಾರೆ. ನಮ್ಮ ಮನೆಯ ಕತೆಯೂ ಬೇರೆಯೇನಲ್ಲ. ಅಜ್ಜಯ್ಯನ ಜೊತೆಗಾರರ ಹೆಸರನ್ನು ಅಮ್ಮನ ಹತ್ತಿರ ಕೇಳಿದೆ. ಕರೆಯುತ್ತಿದ್ದ ಹೆಸರು ಅವಳಿಗೆ ನೆನಪಿದೆ. ಅವರ ಮನೆಯವರು ಈಗ ಎಲ್ಲಿದ್ದಾರೆ ಅನ್ನುವುದು ಗೊತ್ತಿಲ್ಲ. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರು ನಮಗೆ ಗೊತ್ತು, ಅರವತ್ತು ವರ್ಷದ ಹಿಂದಿನ ಮನುಷ್ಯನ ಪೂರ್ತಿ ಹೆಸರು ಗೊತ್ತಿಲ್ಲ.

ಕಾಯ್ದೆಗಳು ನಿಧಾನಕ್ಕೆ ಬದಲಾಗುತ್ತಿವೆ. 2020ರಲ್ಲಿ ಕೇಂದ್ರ ಸರ್ಕಾರ ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೂ ಚಾಲನಾ ಪರವಾನಗಿ ಕೊಡಬಹುದು ಅಂತ ನಿಯಮ ತಿದ್ದಿತು. 2022ರಲ್ಲಿ ಪುಣೆಯ ಚಲನಚಿತ್ರ ಸಂಸ್ಥೆ ಬಣ್ಣಗುರುಡು ವಿದ್ಯಾರ್ಥಿಗಳನ್ನು ಕೋರ್ಸುಗಳಿಂದ ಹೊರಗಿಡಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಈ ಕೆಲಸಕ್ಕೆ ನಿಜವಾಗಿ ಏನು ಬೇಕು ಅನ್ನುವ ಪ್ರಶ್ನೆಯನ್ನು ಕೇಳಲು ಶುರುಮಾಡಿದ್ದೇವೆ ಅನ್ನೋದು ಸಮಾಧಾನ.

ನನಗೆ ಒಬ್ಬಳು ಮಗಳು. ನನ್ನ ಎಕ್ಸ್ ಅವಳಿಗೆ ಹೋಗಿಯೇ ಹೋಗಿರುತ್ತದೆ. ಮುಂದೆ ಅವಳಿಗೊಬ್ಬ ಮಗ ಹುಟ್ಟಿದರೆ ಅವನಿಗೂ ಅಜ್ಜಯ್ಯನ ಕಣ್ಣು ಬರುವ ಸಾಧ್ಯತೆ ಅರ್ಧಕ್ಕರ್ಧ. ಕಣ್ಣು ತಾನಾಗಿ ಬರುತ್ತದೆ, ಬಗ್ಗಿ ಓರೆಯಾಗಿ ನೋಡುವುದನ್ನು ಮಾತ್ರ ಯಾರಾದರೂ ಹೇಳಿಕೊಡಬೇಕು. ನಿಮ್ಮ ಮನೆಯಲ್ಲೂ ಹಿಂದೆ ಕೋವಿ ಹಿಡಿದ ಹಿರಿಯರು ಉಳಿದಿದ್ದರೆ ಒಂದು ಸಂಜೆ ಕೂತು ಕೇಳಿ ಬರೆದಿಟ್ಟುಕೊಳ್ಳಿ. ಗುಂಡು ಹೊಡೆದ ಕತೆ ಅವರೇ ಹೇಳುತ್ತಾರೆ. ಆಮೇಲೆ ಏನಾಯಿತು, ಜೊತೆಗೆ ಯಾರಿದ್ದರು ಅನ್ನುವುದನ್ನು ನೀವು ಕೇಳಬೇಕು.